ಒಳಗೆ ಯಾರವ್ರೆ?

ಪುರಸಭೆಯ ಕಂದಾಯದ ಸಾಲಿನಲ್ಲಿ ನಿಂತಿದ್ದ ಸುಂದರಮ್ಮನಿಗೆ ಮುಂದಿದ್ದ ಗಂಡ ಹೆಂಡತಿಯ ಪಿಸುಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಕೈಯಲ್ಲಿ ನೋಟೀಸು.

"ನಮ್ದು ಮನೆ ಅಲ್ವಂತೆ, ಹುಳ ಸಾಕೋ ಶೆಡ್ಡಂತೆ. ಕಂದಾಯ ಜಾಸ್ತಿ. ಬಿಲ್ ಕಲೆಕ್ಟರಿಗೆ ಏನಂದ್ಯಮ್ಮಿ?"

"ಒಳಗೆ ಯಾರವ್ರೆ ಅಂದ. ರೇಷ್ಮೆ ಹುಳ ಅವೆ, ನಾವು ಜಗಲೀಲಿ ಮನಗ್ತೀವಿ ಅಂದೆ."

"ಹಂಗ್ಯಾಕಂದೆ?"

"ದಿಟ ತಾನೆ? ಅಡುಗೆಮನೇಲೂ ಹುಳದ ತಟ್ಟೆ ಜೋಡಿಸ್ದೋನು ನೀನೇಯ."

"ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ್ಮೇಲೆ ಒಳಗೆ ಮನಗಕಿಲ್ವಾ?"

"ಎಲ್ಲಿ ಮನಗ್ತೀಯ? ಹುಳ ಸೊಪ್ಪು ತಿನ್ನೋ ಸದ್ದಿಲ್ದೆ ನಿದ್ದೆ ಬರಕಿಲ್ಲ ಅಂತ ಚಾಪೆ ಎತ್ಕಂಡು ಜಗಲಿಗೇ ಬತ್ತೀಯ."

"ನೀನೂ ಹಿಂದೇನೇ ಬತ್ತೀಯಲ್ಲ."

"ನಿನ್ನೊಬ್ಬನ್ನೇ ಬುಟ್ಟು ನಾನೆಂಗ್ ಮನಗ್ಲಿ?"

ಅವನು ಅವಳ ಸೆರಗಿಗೆ ಅಂಟಿದ್ದ ಹಿಪ್ಪುನೇರಳೆ ಎಲೆಯ ಚೂರೊಂದನ್ನು ಮೆಲ್ಲಗೆ ತೆಗೆದ.

"ನರಸಯ್ಯ!" ಎಂದು ಕಿಟಕಿಯೊಳಗಿನ ಗುಮಾಸ್ತರು ಕೂಗಿದರು.

"ಈ ಸಲ ನಾನ್ ಮಾತಾಡ್ತೀನಿ, ನೀನ್ ಸುಮ್ಕಿರು."

ಇಬ್ಬರೂ ಕಿಟಕಿಯತ್ತ ಸರಿದರು.

"ಮನೇಲಿ ಯಾರ್ರೀ ವಾಸ?"

"ನಾವೇ ಸ್ವಾಮಿ, ಗಂಡ ಹೆಂಡ್ತಿ."

ಹೆಂಡತಿಗೆ ತಡೆಯಲಾಗಲಿಲ್ಲ.

"ಇಬ್ರೂ ಜಗಲೀಲೇ ಸ್ವಾಮಿ."