ಹಸನಸಾಬನ ರೇಟು

ಹತ್ತು ಲಕ್ಷ ಇಪ್ಪತ್ತು ಸಾವಿರ, ಆಸ್ಮಾ. ನಿಮ್ಮ ಅಬ್ಬಾನ ಗೋದಾಮಿನ್ಯಾಗಿರೋ ನೂರು ಕ್ವಿಂಟಲ್ ತೊಗರಿಬೇಳಿಗೆ, ಕಿಲೋಕ್ಕ ನೂರಾ ಎರಡರಂಗ. ರೊಕ್ಕ ಇವತ್ತೇ... ಯಾಕ ನಗ್ತಿ? ಯಾದಗಿರಿ ಪೇಟ್ಯಾಗ ನೂರಾ ಮೂವತ್ತು ಅದ, ಗೊತ್ತದ ನನಗೂ. ಅದು ಹೊಸಾ ಬೇಳಿ. ಇದಕ್ಕ ಹುಳ ಹತ್ತಾಕ ತಡ ಇಲ್ಲ.

ಅಬ್ಬಾನ ಮೂರನೇ ದಿನದ ಜಿಯಾರತ್ ಮುಗಿದು ಎರಡು ದಿನಾ ಆಗಿಲ್ಲ, ನಾಗಣ್ಣ ಕಾಕಾ ವ್ಯಾಪಾರಕ್ಕ ಬಂದಾನ ಅಂತಿ. ಬರಬೇಕಾತವ್ವಾ. ಸುರಪುರದ ಹಾಸ್ಟೆಲ್ಲಿಗೆ ಬೇಳಿ ಹಾಕೋ ಟೆಂಡರ್ ನನಗಾಗ್ಯಾದ. ಸೋಮವಾರ ಮೊದಲನೇ ಲಾರಿ ಹೋಗಬೇಕು. ಹಸನಸಾಬ ಆ ಹಾಸ್ಟೆಲ್ ನಂಬಿ ತುಂಬಿಟ್ಟ ಮಾಲು, ಅಲ್ಲಿಗೇ ಹೋಗಲಿ ಬಿಡು.

ಅಬ್ಬಾನ ಪೆನ್ ಡ್ರೈವಾ? ಅದನ್ನ ಯಾಕ ಟೇಬಲ್ ಮ್ಯಾಲ ಇಟ್ಟಿ? ಹೇಳಿದೆನಲ್ಲ, ಅದು ಸತ್ತದ. ಇಲ್ಲೇ ಶಹಾಪುರ ಬಸ್‌ಸ್ಟ್ಯಾಂಡ್ ಮಗ್ಗಲಿನ ಬೀರಣ್ಣನ ಕಂಪ್ಯೂಟರ್ ಅಂಗಡ್ಯಾಗ, ನಾನು ಬಾಜೂ ಕುರ್ಚ್ಯಾಗ ಇದ್ದೆ. ಪ್ರಿಂಟರ್ ಇರೋದು ಒಂದೇ ಮಷೀನಿಗೆ. ಹಿಂದಿನವನ ಡ್ರೈವ್ ಕೀಳೋದು, ಸಿಪಿಯು ಮ್ಯಾಲಿಡೋದು, ತನ್ನದು ಚುಚ್ಚೋದು. ಅಲ್ಲಿ ಎಲ್ಲಾರದೂ ಇದೇ ರೂಢಿ. ನಿಮ್ಮ ಅಬ್ಬಾ ಗಡಿಬಿಡ್ಯಾಗ, ಡ್ರೈವಿನ ದೀಪ ಮಿಣುಕಾಕತ್ತಿರಬೇಕಾದ್ರನೇ ತಾನೇ ಕಿತ್ತ. ನಿಂದರು ಹಸನಭಾಯಿ ಅಂದೆ. ಕೇಳಲಿಲ್ಲ. ತಿರುಗಿ ಹಾಕಿದ್ರ ಫಾರ್ಮ್ಯಾಟ್ ಮಾಡು ಅಂತ ಬಂತು. ಬೀರಣ್ಣ ತಿಪ್ಪರಲಾಗ ಹಾಕಿದ. ಟೆಂಡರಿನ ಒಂದು ಫೈಲೂ ತೆರೀಲಿಲ್ಲ. ಸಂಜಿ ಆರಕ್ಕ ಟೆಂಡರ್ ಹಾಕೋ ವ್ಯಾಳ್ಯಾ ಮುಗೀತು. ಮನಿಗೆ ಬಂದು ಎದಿ ಹಿಡ್ಕೊಂಡ...

ಮಷೀನಿನ್ಯಾಗ ಒಂದು ಪ್ರತಿ ಇಡಬೇಕಿತ್ತು. ಇಡಲಿಲ್ಲ. ನಾಕು ಮಂದಿ ಕುಂದ್ರೋ ಕಂಪ್ಯೂಟರಿನ್ಯಾಗ ನನ್ನ ರೇಟು ಬಿಡಂಗಿಲ್ಲ ಅಂತ, ಎಲ್ಲಾ ಆ ಬೆರಳುದ್ದದ ಡಬ್ಬ್ಯಾಗೇ. ನಿನಗೂ ಹೇಳ್ತಿರಲಿಲ್ಲಂತ ನೀನೇ ಅಂದಿ. ಜೋಪಾನದ ಮನುಷ್ಯ.

ಆದ್ರ ಒಂದು ಮಾತು. ಟೆಂಡರ್ ಸಿಕ್ಕಿದ್ರೂ ಅವಗ ಏನು ಉಳೀತಿತ್ತು? ನೂರಾ ಹದಿನೆಂಟಕ್ಕ ಬೇಳಿ ಕೊಟ್ಟು, ಸುರಪುರದ ತನಕ ಲಾರಿ ಬಾಡಿಗಿ ಕೊಟ್ಟು, ಹಮಾಲಿ ಕೊಟ್ಟು...

ಏನು? ಯಾಕ ಹಂಗ ನೋಡ್ತಿ?

ನೂರಾ ಹದಿನೆಂಟು. ಹಾಂ... ಅವನೇ ಅಂದಿದ್ದ. ಚಾ ಕುಡಿಯೋವಾಗ.

ಇಲ್ಲ, ನಿನಗ ಹೇಳದವ ನನಗ ಹೇಳ್ತಾನಾ, ಖರೆ. ಕಣ್ಣಿಗೆ ಬಿತ್ತವ್ವಾ. ಫೈಲು ಬಿಚ್ಚಿತ್ತು ಪರದಿ ಮ್ಯಾಲ. ಏನೋ ಕಾಪಿ ಆಗಾಕತ್ತಿತ್ತು, ತಡ ಆಗ್ತದಂತ ಹಸನಭಾಯಿ ಸಂಜಿಮುಂದಿನ ಅಸರ್ ನಮಾಜಿಗೆ ಎದ್ದು ಹೋಗಿದ್ದ. ಖಾಲಿ ಕುರ್ಚಿ. ನಾನು ಪ್ರಿಂಟ್ ತೆಗೀಬೇಕಿತ್ತು, ಅದಕ್ಕ ನಾನೇ ಅದನ್ನ...

ಎಲ್ಲಿಗೆ ಎದ್ದಿ ಆಸ್ಮಾ? ಬೈ ಬೇಕಾದ್ರ.

ಎಲ್ಲಾರೂ ಹಂಗೇ ಕೀಳ್ತಾರ ಅಲ್ಲಿ. ರೂಢಿ ಅದು.

ನೂರಾ ಹತ್ತು ಕೊಡ್ತೀನಿ. ನೂರಾ ಇಪ್ಪತ್ತು. ಗೋದಾಮಿಗೆ ಯಾಕ ಬೀಗ ಹಾಕಾಕತ್ತಿ? ಈ ಮಾಲು ನಂಬೇ ನಾನು ನೂರಾ ಇಪ್ಪತ್ನಾಲ್ಕು ಬರದೀನಿ, ತಿಳೀತಾ? ಇವಗ ಟೆಂಡರ್ ಹೋದ್ರ ಬೇಳಿ ನನ್ನ ಬಿಟ್ಟು ಯಾರಿಗೆ ಮಾರ್ತಾನ ಅಂತ...

ಆತು. ಬೀಗ ಹಾಕು.

ಪೇಟ್ಯಾಗ ನೂರಾ ಮೂವತ್ತಕ್ಕ ಕೊಳ್ಳೋದು, ಹಾಸ್ಟೆಲ್ಲಿಗೆ ನೂರಾ ಇಪ್ಪತ್ನಾಲ್ಕಕ್ಕ ಹಾಕೋದು. ಕಿಲೋಕ್ಕ ಆರು ಹೋತು, ಲಾರಿ ಬಾಡಿಗಿ ಬ್ಯಾರೆ. ಹಸನಭಾಯಿ ಹೋದ. ಬಂದದ್ದು ಟೆಂಡರ್ ಕಾಗದ ಒಂದು.