ಹೂಂ ಅನ್ನದ ಸೊಸೆ

ಒಂದೂರಿನಲ್ಲಿ ಒಬ್ಬ ಶ್ರೀಮಂತನ ಮನೆ. ಶ್ರೀಮಂತನ ಮಾತು ಬಿಡಿ, ಅವನು ಪಡಸಾಲೆಯಲ್ಲಿ ಮಕ್ಕಳೊಂದಿಗೆ ಊಟಕ್ಕೆ ಕೂತಿದ್ದಾನೆ, ಇನ್ನೂ ಮೂರನೆಯ ರೊಟ್ಟಿಯಲ್ಲಿದ್ದಾನೆ. ನೀವು ಅಡುಗೆಮನೆಗೆ ಬನ್ನಿ. ಅಲ್ಲಿ ಕಿರಿಯ ಸೊಸೆ ಕಾಶವ್ವ ಇದ್ದಾಳೆ. ಏಳು ತಿಂಗಳ ಬಸುರಿ. ಬೆಳಗಿನಿಂದ ರೊಟ್ಟಿ ಬಡಿದಿದ್ದಾಳೆ, ಒಂದು ಚೂರೂ ಬಾಯಿಗೆ ಹೋಗಿಲ್ಲ. ಗಂಡಸರದ್ದು ಮುಗಿಯದೆ ಹೆಂಗಸರು ಉಣ್ಣುವಂತಿಲ್ಲ. ಪದ್ಧತಿ!

ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಸರಿಯಾಗಿ ಅತ್ತೆ ಕಥೆ ಶುರು ಮಾಡುತ್ತಿದ್ದಳು. ದಿನವೂ ಅದೇ ಕಥೆ. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕಲ್ಲ? ಆ ಕೆಲಸ ಕಾಶವ್ವನದು. ಅವತ್ತೂ ಅತ್ತೆ ಶುರು ಮಾಡಿದಳು.

"ಒಬ್ಬಾಕಿ ಸೊಸಿ ಇದ್ಲು."

"ಹೂಂ."

"ಗಂಡ ಉಂಡ ಮ್ಯಾಲ ಮನ್ಯಾಗ ಒಂದ ರೊಟ್ಟಿ ಉಳದಿತ್ತು. ಗಂಡನ ಗೆಳ್ಯಾ ಬಂದ. ಆಕಿ ಅದನ್ನ ಅವಂಗ ನೀಡಿದ್ಲು."

"ಹೂಂ."

"ತಾ ನೀರ ಕುಡದು ಮಲಗಿದಾಕಿ ಏಳಲೇ ಇಲ್ಲ. ದೇವರು ಮೆಚ್ಚಿ ಆಕೀನ್ನ ಚುಕ್ಕಿ ಮಾಡಿದ."

ನೋಡಿ, ಇಲ್ಲಿ ಕಾಶವ್ವ ಬಾಯಿ ಬಿಡಲಿಲ್ಲ.

"ಹೂಂ ಅನ್ನವಾ."

"ಅನ್ನಂಗಿಲ್ರೀ ಅತ್ತಿ. ಆಕಿ ಹಸದು ಸತ್ಲು. ಉಂಡ ಗಂಡ ಯಾಕ ಚುಕ್ಕಿ ಆಗ್ಲಿಲ್ಲ?"

"ಹಿರ್ಯಾರ ಕಥಿಗೆ ಎದರ ಮಾತಾಡ್ತಿ ಏನ?"

"ಈ ಕಥಿ ಉಂಡವ್ರ ಕಟ್ಟ್ಯಾರ್ರೀ. ಹಸದವ್ರು ಕಟ್ಟಿದ್ರ ಬ್ಯಾರೇನ ಇರ್ತಿತ್ತು."

ಹಾಗೆಂದವಳೇ ಎರಡು ತಾಟು ತೆಗೆದಳು. ಬಿಸಿ ರೊಟ್ಟಿ ಹಾಕಿ ಒಂದನ್ನು ಅತ್ತೆಯ ಮುಂದಿಟ್ಟಳು, ಇನ್ನೊಂದನ್ನು ಹಿಡಿದು ತಾನೂ ಕೂತಳು. ಅತ್ತೆ ಪಡಸಾಲೆಯ ಕಡೆ ನೋಡಿದಳು. ತಾಟು ನೋಡಿದಳು. ನಲವತ್ತು ವರ್ಷದಲ್ಲಿ ಆಕೆ ಆರಿದ ರೊಟ್ಟಿಯನ್ನಷ್ಟೇ ಉಂಡವಳು.

"ಒಂಚೂರು ಶೇಂಗಾ ಚಟ್ನಿ ಹಾಕವಾ," ಎಂದಳು.

ಆ ಮನೆಯಲ್ಲಿ ಆ ಕಥೆ ಅವತ್ತೇ ನಿಂತಿತು. ಕೇಳಿಸಿತೇ? ಹೂಂ ಅನ್ನುವವರಿಲ್ಲದೆ ಯಾವ ಕಥೆಯೂ ಮುಂದೆ ಹೋಗುವುದಿಲ್ಲ. ತ್ಯಾಗ ಅಂದರು, ಹೂಂ ಅಂದೆವು. ಸಂಸ್ಕಾರ ಅಂದರು, ಹೂಂ ಅಂದೆವು. ತ್ಯಾಗ ಯಾರದು, ರೊಟ್ಟಿ ತಿಂದವರು ಯಾರು ಅಂತ ಒಮ್ಮೆಯಾದರೂ ಕೇಳಿದೆವೇ? ಈ ಮಠದಲ್ಲಿ ಇದೇ ಗದ್ದುಗೆಯ ಮೇಲೆ ಕೂತು ಆ ಚುಕ್ಕಿಯ ಕಥೆ ನಾನೂ ಹೇಳಿದ್ದೇನೆ. ನೀವು ಕಣ್ಣೀರು ಒರೆಸಿಕೊಂಡು ಕೈ ಮುಗಿದಿರಿ. ಈಗಲೂ ತಲೆ ಆಡಿಸುತ್ತಿದ್ದೀರಿ!

ತಲೆ ಆಡಿಸಿದ್ದು ಸಾಕು. ಇನ್ನು ಸ್ವಲ್ಪ ಹೊತ್ತಿಗೆ ದಾಸೋಹ. ಇವತ್ತು ಮೊದಲ ಪಂಕ್ತಿಗೆ ಅಡುಗೆ ಮಾಡಿದ ಹೆಂಗಸರು ಕೂರುತ್ತಾರೆ. ನಾಳೆ ನಿಮ್ಮ ಮನೆಯಲ್ಲಿ ಹಸಿದವರು ಮೊದಲು ಉಣ್ಣಲಿ. ಇದು ಪದ್ಧತಿಯಲ್ಲ ಅಂತ ಯಾರಾದರೂ ಅಂದರೆ, ಹೂಂ ಅನ್ನಬೇಡಿ.

ಮುಂದೆ ಕೂತ ಯಜಮಾನರೇ, ನನ್ನ ಮುಖ ಏನು ನೋಡುತ್ತೀರಿ? ಏಳಿ, ಸೌಟು ಹಿಡಿಯಿರಿ.