ಹಿಂದಿನ ಸೀಟಿನ ಟೋಪಿ

"ಹಲೋ... ಹಲೋ, ಯಾರು ಮಾತಾಡ್ತಿರೋದು? ಗ್ವೆಂಡಾ ಅತ್ತೆನಾ? ಹಾಂ, ನಾನೇ, ಬ್ರಾನ್ವಿನ್..."

ಪೆಟ್ರೋಲ್ ಬಂಕಿನ ಗೋಡೆಯ ಫೋನನ್ನು ಬ್ರಾನ್ವಿನ್ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದಳು. ಒಂದು ಕೈ ಮಗಳು ಪಿಪ್ಪಾಳ ಮುಖದ ಕೆಂಪು ಮಣ್ಣು ಒರೆಸುತ್ತಿತ್ತು, ಇನ್ನೊಂದರಲ್ಲಿ ಮಾವನ ಟೋಪಿ. ದಿನಾ ನಾಲ್ಕಕ್ಕೆ ಅತ್ತೆಗೆ ಫೋನ್ ಹೋಗಬೇಕು, ತಪ್ಪಿದರೆ ಅತ್ತೆ ಪೊಲೀಸರಿಗೆ ತಿಳಿಸಬೇಕು. ಮರುಭೂಮಿಯ ಈ ಪ್ರಯಾಣಕ್ಕೆ ಹೊರಡುವ ಮುಂಚೆಯೇ ಆದ ಕರಾರು ಅದು.

"ನಾಲ್ಕಾಗಿ ಐದೇ ನಿಮಿಷ ಅತ್ತೆ. ಎಲ್ರೂ ಚೆನ್ನಾಗಿದ್ದೀವಿ..."

"ಮಾವನಾ? ಮಾವ... ಇಲ್ಲೇ ಬಂಕಿನ ಬಚ್ಚಲಿಗೆ ಸ್ನಾನಕ್ಕೆ ಹೋಗಿದ್ದಾರೆ..."

"ಹಾಂ, ಎಂಟು ದಿನ ಆಗಿತ್ತು, ಗೊತ್ತು. ಅದಕ್ಕೇ ಮನಸ್ಸು ಬಂತೇನೋ..."

"ಹಾಡಾ? ಇಲ್ಲ, ಕೇಳಿಸ್ತಿಲ್ಲ... ನಲವತ್ತಾರು ವರ್ಷದಲ್ಲಿ ಒಂದು ಸಲನೂ ಹಾಡದೆ ಸ್ನಾನ ಮಾಡಿಲ್ವಾ..."

ಅಷ್ಟರಲ್ಲಿ ಪಿಪ್ಪಾ, ಅಜ್ಜ ಗೇಟಿನ ಹತ್ತಿರವೇ ಇದ್ದಾರೆ ಎಂದು ಫೋನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿಬಿಟ್ಟಳು.

"ಯಾವ ಗೇಟಾ... ದನದ ಫಾರಮ್ಮಿನ ಗೇಟು. ಐವತ್ತು ಕಿಲೋಮೀಟರ್ ಹಿಂದೆ. ಅತ್ತೆ, ನಾನೇ ಬಿಟ್ಟು ಬಂದೆ..."

ದನ ಹೊರಬೀಳದಂತೆ, ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಬೇಕು. ಆ ಸರಪಳಿ ಸಿಕ್ಕಿಸಲು ಮರ್ವಿನ್ ಮಾವ ಬೇರೆ ಯಾರ ಕೈಯನ್ನೂ ನಂಬುವವರಲ್ಲ. ಗಾಳಿಗೆ ಹಾರೀತೆಂದು ಟೋಪಿಯನ್ನು ಹಿಂದಿನ ಸೀಟಿನ ಹಾಸಿಗೆ ಸುರುಳಿಯ ಮೇಲಿಟ್ಟು ಇಳಿದಿದ್ದರು. ಬ್ರಾನ್ವಿನ್ ಕಾರನ್ನು ಗೇಟು ದಾಟಿಸಿ, ನಿಲ್ಲಿಸಿ ಕಾದಳು.

"ಬಾಗಿಲು ಬಡಿದ ಹಾಗಾಯ್ತು, ಕನ್ನಡಿ ನೋಡ್ದೆ, ಟೋಪಿ ಕಾಣಿಸ್ತು. ಟೋಪಿ ಇದ್ರೆ ಕೆಳಗೆ ಮಾವ ಇರ್ತಾರೆ, ಅಲ್ವಾ? ನಿಮ್ಮ ಮದುವೆ ಫೋಟೋದಲ್ಲೂ ತೆಗೆದಿಲ್ಲ ಅವರು..."

"ಕ್ಲೈಡಾ? ಪಕ್ಕದಲ್ಲೇ ಗೊರಕೆ, ಪಿಪ್ಪಾಗೂ ನಿದ್ದೆ. ನಿಮ್ಮ ಮಗ ಅಲ್ವಾ... ಈಗ ಅಪ್ಪನ್ನ ಕರ್ಕೊಂಡು ಬರೋಕೆ ಕಾರು ತಗೊಂಡು ಹೋಗಿದ್ದಾನೆ. ಅತ್ತೆ, ನೀರಿನ ಬಾಟ್ಲೂ ಕಾರಲ್ಲೇ ಉಳ್ದಿತ್ತು. ಅವರಿಗೆ ಏನಾದ್ರೂ ಆದ್ರೆ..."

ಬ್ರಾನ್ವಿನ್ ಬೆವರಿನ ಬಿಳಿ ಗೆರೆ ಮೂಡಿದ್ದ ಟೋಪಿಯನ್ನು ಎದೆಗೆ ಒತ್ತಿಕೊಂಡಳು.

"ಪೊಲೀಸರಿಗೆ... ಹಾಂ, ತಿಳಿಸಿಬಿಡಿ... ಅತ್ತೆ? ನಗ್ತಿದ್ದೀರಾ?"

"ಸ್ಯಾಟಲೈಟ್ ಫೋನಾ? ಅದು ಮಾವನ ಜೇಬಲ್ಲಿ... ಅಯ್ಯೋ. ಅವರ ಜೇಬಲ್ಲೇ..."

"ಮೂರು ಗಂಟೆಗೇ ಫೋನ್ ಮಾಡಿದ್ರಾ? ದನದ ಲಾರಿಯವನು ಹತ್ತಿಸ್ಕೊಂಡ್ನಾ? ಎಲ್ಲಾ ಗೊತ್ತಿದ್ಕೊಂಡು ನನ್ನ ಕೈಲಿ ಅವರಿಗೆ ಸ್ನಾನ ಮಾಡಿಸ್ತಾ ಕೂತಿದ್ರಲ್ಲ ಅತ್ತೆ..."

ಮೂರು ಟ್ರೇಲರಿನ ಲಾರಿಯೊಂದು ಧೂಳಿನ ಗೋಡೆಯನ್ನೇ ಎಳೆದುಕೊಂಡು ಬಂದು ನಿಂತಿತು. ಮಾವ ಇಳಿದರು. ಸೊಸೆಯ ಕೈಯಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು, ಗೇಟು ಸರಿಯಾಗಿ ಹಾಕಿದ್ದೇನೆ ಎಂದರು. ಆಮೇಲೆ ಕಾರಿಗಾಗಿ ಅತ್ತಿತ್ತ ನೋಡಿದರು.

"ಬಂದ್ರು ಅತ್ತೆ. ಸ್ನಾನ ಈಗ ನಿಜವಾಗ್ಲೂ ಬೇಕು... ಕ್ಲೈಡ್ ಎಲ್ಲಿ ಅಂತ ಕೇಳ್ತಿದ್ದಾರೆ... ದಾರೀಲಿ ಸಿಗ್ಲಿಲ್ವಾ ಮಾವ? ಆ ಧೂಳಲ್ಲಿ ಏನೂ ಕಾಣ್ಲಿಲ್ವಂತೆ..."

"ಅತ್ತೆ, ಪೊಲೀಸರಿಗೆ ಈಗ್ಲೇ ಬೇಡ. ಆದ್ರೆ ಪೆನ್ಸಿಲ್ ತಗೊಂಡು ಬರ್ಕೊಳ್ಳಿ, ಈಗ ಆ ಗೇಟ್ ಹತ್ರ ಇರೋದು ನಿಮ್ಮ ಮಗ... ಇಲ್ಲ, ಅವನ ಹತ್ರ ಫೋನಿಲ್ಲ... ಟೋಪಿನಾ? ಹಾಂ, ಟೋಪಿ ಹಾಕ್ಕೊಂಡೇ ಹೋಗಿದ್ದಾನೆ... ಹಲೋ? ಅತ್ತೆ? ಹಲೋ..."